ಹಿಂದಕ್ಕೆ ಹರಿದ ರಕ್ತ

"ಸೋರೋ ಹೃದಯದವನನ್ನ ಕುಣಿಸಿದ್ಲಲ್ಲ, ಇನ್ನೇನಾಗುತ್ತೆ!"

ಕಾಫಿ ಬಗ್ಗಿಸುತ್ತಿದ್ದ ಇಸ್ಮೇನಿಯಾಳ ಕೈ ನಿಂತಿತು. ಮಾತು ಗಂಡನ ಅಕ್ಕ ಎರ್ಮೊಸಿನಾಳದು. ವಾಲ್ಪರೈಸೊ ಊರಿನ ಗುಡ್ಡದ ಆ ಪುಟ್ಟ ಮನೆಯ ನಡುಕೋಣೆಯಲ್ಲಿ ಗಂಡ ನೊಲ್ಬೆರ್ತೊ ಶವಪೆಟ್ಟಿಗೆಯಲ್ಲಿದ್ದ. ತಲೆಯೊಳಗಿನ ರಕ್ತನಾಳ ಒಡೆದು ನಿದ್ದೆಯಲ್ಲೇ ಹೋಗಿದ್ದ. ಅಂದು ಸಂಜೆಯಷ್ಟೇ, ಭಾನುವಾರದ ಮದುವೆಯಲ್ಲಿ, ಅವನನ್ನು ಕ್ವೇಕಾ ಎಂಬ ಜೋಡಿಕುಣಿತಕ್ಕೆ ಎಳೆದವಳು ಇಸ್ಮೇನಿಯಾ. ತಾನೇ ಕೊಂದೆನೇನೋ ಎಂಬ ಭಯ ಅವಳನ್ನು ಹಿಂಡುತ್ತಿತ್ತು.

"ಒಂದೇ ಸುತ್ತು ಅಂದೆ, ಅತ್ತಿಗೆ."

"ಸಾಯೋಕೆ ಎಷ್ಟು ಸುತ್ತು ಬೇಕು?"

*

ನೊಲ್ಬೆರ್ತೊ ವಿಶ್ವವಿದ್ಯಾಲಯದ ಸ್ಕ್ಯಾನಿಂಗ್ ಪ್ರಯೋಗಾಲಯದಲ್ಲಿ ಯಂತ್ರ ನಡೆಸುತ್ತಿದ್ದ. ಎದೆಯೊಳಗಿನ ರಕ್ತದ ಓಟವನ್ನು ಅಳೆದು, ಅದನ್ನೇ ಕಂಪ್ಯೂಟರಿನಲ್ಲಿ ಮತ್ತೆ ಹರಿಸಿ ನೋಡುವುದು ಅಲ್ಲಿನವರ ಕೆಲಸ. ರೋಗಿಗಳನ್ನು ಕರೆಯುವ ಮೊದಲು ತಮ್ಮಲ್ಲೇ ಒಬ್ಬರನ್ನು ಯಂತ್ರದಲ್ಲಿ ಮಲಗಿಸಿ ನೋಡುವುದು ರೂಢಿ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಅವನು ಮುಖ ಬಾಡಿಸಿಕೊಂಡು ಬಂದ.

"ಇವತ್ತು ನನ್ನ ಸರದಿ ಕಣೇ. ಹೃದಯದ ಕವಾಟದ ಹತ್ರ ರಕ್ತ ಹಿಂದಕ್ಕೆ ಹರೀತಿದೆ. ಸೋರ್ತಿರಬೇಕು."

ಅಂದಿನಿಂದ ಇಸ್ಮೇನಿಯಾ ಅವನಿಗೆ ಭಾರ ಎತ್ತಲು ಬಿಡಲಿಲ್ಲ. ಗ್ಯಾಸ್ ಸಿಲಿಂಡರನ್ನು ಮೆಟ್ಟಿಲು ಹತ್ತಿಸಿದ್ದೆಲ್ಲ ಅವಳೇ. ಅವನು ಕಿಟಕಿಯಲ್ಲಿ ನಿಂತು "ನಿಧಾನ, ಚಿನ್ನ" ಎನ್ನುತ್ತಿದ್ದ.

*

"ಸೋರೋ ಹೃದಯ ಯಾರದು?" ಹೂವು ಹಿಡಿದು ಒಳಬಂದ ಯಾಸ್ನಾ ಕೇಳಿದಳು. ಪ್ರಯೋಗಾಲಯದ ಸಂಶೋಧಕಿ ಅವಳು.

"ಇನ್ಯಾರದು? ನನ್ನ ತಮ್ಮಂದು," ಎಂದಳು ಎರ್ಮೊಸಿನಾ.

"ಅಯ್ಯೋ, ಅದು ನಮ್ಮ ತಪ್ಪು! ಯಂತ್ರದಲ್ಲಿ ವೇಗದ ಮಿತಿ ಕಡಿಮೆ ಇಟ್ಟಿದ್ವಿ. ರಕ್ತ ಆ ಮಿತಿ ಮೀರಿ ಓಡಿದ್ರೆ, ಹಿಂದಕ್ಕೆ ಹರೀತಿದೆ ಅಂತ ತೋರಿಸುತ್ತೆ. ಮಾರನೇ ದಿನವೇ ಸರಿಮಾಡಿ ಮತ್ತೆ ಹರಿಸಿ ನೋಡಿದ್ವಿ. ಒಂದು ತೊಟ್ಟೂ ಸೋರಲಿಲ್ಲ."

ಇಸ್ಮೇನಿಯಾ ಕಾಫಿಯ ಪಾತ್ರೆ ಕೆಳಗಿಟ್ಟಳು. "ಅವರಿಗೆ ಗೊತ್ತಿತ್ತಾ?"

"ಪಕ್ಕದಲ್ಲೇ ಕೂತು ನೋಡಿದ್ರು, ಅಮ್ಮ. ಖುಷಿಗೆ ನಮಗೆಲ್ಲ ಎಂಪನಾಡ ಕಡುಬು ತಿನ್ನಿಸಿದ್ರು. ತಲೆಯ ನಾಳ ಹುಟ್ಟಿನಿಂದ್ಲೇ ತೆಳು ಅಂತ ಆಸ್ಪತ್ರೆಯವರು ಹೇಳ್ಲಿಲ್ವಾ? ಕುಣಿದ್ರೂ ಅಷ್ಟೇ, ಮಲಗಿದ್ರೂ ಅಷ್ಟೇ."

"ಹೇಳಿದ್ರು. ನನ್ನ ಸಮಾಧಾನಕ್ಕೆ ಹೇಳ್ತಾರೆ ಅಂದ್ಕೊಂಡೆ." ಅವಳು ಹೊರಗಿನ ಮೆಟ್ಟಿಲುಗಳತ್ತ ನೋಡಿದಳು. "ಹಾಗಾದ್ರೆ... ಇಷ್ಟು ವರ್ಷ ನಾನು ಹೊತ್ತ ಸಿಲಿಂಡರು?"

ಮೊದಲು ನಗು ತಡೆಯಲಾರದೆ ಹೋದವಳು ಎರ್ಮೊಸಿನಾ. "ಕಳ್ಳನಿಗೊಂದು ಪಿಳ್ಳೆ ನೆವ! ಚಿಕ್ಕಂದಿನಿಂದ್ಲೂ ಮೈಗಳ್ಳ ಅವನು."

ಇಸ್ಮೇನಿಯಾ ಹೊಟ್ಟೆ ಹಿಡಿದು ನಕ್ಕಳು, ನಗುತ್ತಲೇ ಅತ್ತಳು. ಮೂರು ದಿನದಿಂದ ಸಿಕ್ಕಿಕೊಂಡಿದ್ದ ಉಸಿರು ಸಲೀಸಾಗಿ ಆಡಿತು.

"ಅತ್ತಿಗೆ, ತುಟಿಗೆ ಹಚ್ಚೋ ಬಣ್ಣ ಇದೆಯಾ?"

ಎರ್ಮೊಸಿನಾ ಚೀಲ ತಡಕಿ, ತಮ್ಮನ ಹೆಂಡತಿಯ ಗಲ್ಲ ಹಿಡಿದು ತಾನೇ ಹಚ್ಚಿದಳು. ಇಸ್ಮೇನಿಯಾ ಪೆಟ್ಟಿಗೆಯತ್ತ ಬಾಗಿ, ಗಂಡನ ಮುಖದ ಮೇಲಿದ್ದ ಗಾಜಿಗೆ ಗಟ್ಟಿಯಾಗಿ ಮುತ್ತಿಟ್ಟಳು.

ಮುಚ್ಚಳ ಹಾಕಲು ಬಂದವನು ಗಾಜಿನ ಮೇಲಿನ ಕೆಂಪು ಗುರುತು ಕಂಡು ಒರೆಸಲು ಬಟ್ಟೆ ತೆಗೆದ. ಎರ್ಮೊಸಿನಾ ಅವನ ಕೈಗೆ ಪಟ್ಟನೆ ಹೊಡೆದಳು.