ಹೊರಡುವವನ ಪೆನಾಲ್ಟಿ

ಕುಂಜಾಲುಪದವು ಕಾಲೇಜಿನ ತಂಡ ಆ ಚಳಿಗಾಲದಲ್ಲಿ ಒಂದೂ ಪಂದ್ಯ ಗೆದ್ದಿರಲಿಲ್ಲ. ಕುವೈತಿನಲ್ಲಿರುವ ಕರಾವಳಿ ಕಾಲೇಜುಗಳ ಹಳೆ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ನಡೆಸಿಕೊಂಡು ಬಂದ ಫುಟ್ಬಾಲ್ ಲೀಗ್ ಅದು. ಬಿಸಿಲಿನ ಕಾವು ಇಳಿದ ಮೇಲೆ ನವೆಂಬರಿನಲ್ಲಿ ಶುರುವಾಗಿ, ಧೂಳುಗಾಳಿ ಏಳುವ ಮೊದಲು ಮುಗಿಯುತ್ತದೆ. ಶುಕ್ರವಾರ ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದವರು, ಮಧ್ಯಾಹ್ನ ಜುಮಾ ನಮಾಜು ಮುಗಿಸಿದವರು, ಎಲ್ಲರೂ ಊಟ ಮಾಡಿ, ಒಂದು ಕಾರಿನಲ್ಲಿ ಐದಾರು ಜನ ತುಂಬಿಕೊಂಡು, ಫಹಾಹೀಲಿನಾಚೆಯ ಮರಳು ಮೈದಾನಕ್ಕೆ ಬಂದು ಸೇರುತ್ತಾರೆ. ಮರಳಿನ ಮೇಲೆ ಉಪ್ಪು ಹರಳುಗಟ್ಟಿ ನೆಲ ಗಟ್ಟಿಯಾಗಿರುತ್ತದೆ. ಬಿದ್ದರೆ ಮೊಣಕೈ ತರಚುತ್ತದೆ. ಊರಿನ ಪದವಿನ ಮುರಕಲ್ಲಿನ ಮೇಲೆ ಬಿದ್ದು ಬೆಳೆದವರಿಗೆ ಅದೇನೂ ಹೊಸತಲ್ಲ.

ತಂಡವನ್ನು ನೋಡಿಕೊಳ್ಳುತ್ತಿದ್ದವನು ಹರ್ಬರ್ಟ್. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ವಾಲ್ವುಗಳ ಕೆಲಸ, ಐವತ್ತು ದಾಟಿದ ವಯಸ್ಸು. ಆಡುವುದು ಬಿಟ್ಟು ವರ್ಷಗಳಾಗಿದ್ದವು. ಈಗ ಯಾರಿಗೆ ಶಿಫ್ಟ್ ಡ್ಯೂಟಿ, ಯಾರ ಮನೆಯಲ್ಲಿ ಜ್ವರ ಎಂದು ಗುರುವಾರವೇ ಫೋನು ಮಾಡಿ ವಿಚಾರಿಸುವುದು, ಹನ್ನೊಂದು ಜನರನ್ನು ಹೇಗಾದರೂ ಕೂಡಿಸುವುದು ಅವನ ಪಾಲಿಗೆ ಬಂದಿತ್ತು. ಕಾಲೇಜಿನಲ್ಲಿ ಓದಿದವರನ್ನು ಬಿಟ್ಟು ಬೇರೆಯವರನ್ನು ಆಡಿಸುವ ಹಾಗಿಲ್ಲ. ಕುಂಜಾಲುಪದವಿನ ಕಾಲೇಜೋ, ಮಕ್ಕಳು ಸಿಗದೆ ಎರಡು ವರ್ಷದ ಹಿಂದೆ ಬಾಗಿಲು ಹಾಕಿತ್ತು. ಇನ್ನು ಆ ಕಾಲೇಜಿನಿಂದ ಒಬ್ಬ ಹೊಸ ಹುಡುಗ ಕುವೈತಿಗೆ ಇಳಿಯುವುದಿಲ್ಲ. ಲೀಗಿನಲ್ಲಿ ಕಡೆಯ ಸ್ಥಾನಕ್ಕೆ ಬಂದ ತಂಡ ಹೊರಗೆ ಹೋಗಬೇಕು. ಬೇರೆ ಕಾಲೇಜಿನವರಾದರೆ ಮುಂದಿನ ವರ್ಷ ಪ್ರಿನ್ಸಿಪಾಲರ ಒಪ್ಪಿಗೆ ತಂದು ಮತ್ತೆ ಸೇರಿಕೊಳ್ಳಬಹುದು. ಇವರು ಯಾವ ಪ್ರಿನ್ಸಿಪಾಲರ ಹತ್ತಿರ ಹೋಗುವುದು? ಒಮ್ಮೆ ಹೊರಗೆ ಬಿದ್ದರೆ ಅಷ್ಟೇ. ಕಾಲೇಜಿನ ಹೆಸರು ಹೇಳುವ ಜಾಗ ಮತ್ತೊಂದು ಉಳಿಯುವುದಿಲ್ಲ ಎಂಬುದು ಹರ್ಬರ್ಟನ ಮನಸ್ಸಿನಲ್ಲಿ ಆ ಚಳಿಗಾಲವಿಡೀ ಕೂತಿತ್ತು.

ತಂಡ ಕರಗಿದ್ದು ಸೋಲಿನಿಂದಲ್ಲ, ಹೊರಟು ಹೋಗುವವರಿಂದ. ನವೆಂಬರಿನಲ್ಲಿ ಸ್ಯಾಮುವೆಲನನ್ನು ಕಂಪೆನಿ ಕತಾರಿಗೆ ಕಳುಹಿಸಿತು. ಕ್ರಿಸ್ಮಸ್ ಕಳೆದದ್ದೇ ಗೋಲ್‌ಕೀಪರ್ ಪಾಯಸ್ ಕೆಲಸ ಬಿಟ್ಟು ಊರಿಗೆ ಹೊರಟ. ಖಾಯಮ್ಮಾಗಿ ಹೋಗುವವರಿಗೆ ತಂಡದಲ್ಲೊಂದು ಕ್ರಮವಿತ್ತು. ತಂಡ ಕಟ್ಟಿದ ಅಹ್ಮದ್ ಬಾವಾ ಊರಿಗೆ ಹೋಗುವಾಗ ಶುರುವಾದದ್ದು. ಹೊರಡುವವನು ತನ್ನ ಕಡೆಯ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಆಡಬೇಕು, ತೋಳಿಗೆ ಕ್ಯಾಪ್ಟನ್ ಪಟ್ಟಿ ಅವನದೇ, ಪೆನಾಲ್ಟಿ ಸಿಕ್ಕಿದರೆ ಹೊಡೆಯುವವನೂ ಅವನೇ. ಪಾಯಸನಿಗೆ ಹಾಗೆ ಒಂದು ಸಿಕ್ಕಿತು. ಕೀಪರ್ ಗ್ಲೌಸು ಹಾಕಿಕೊಂಡೇ ಆ ತುದಿಯಿಂದ ಈ ತುದಿಗೆ ಓಡಿಬಂದು ಒದ್ದ. ಚೆಂಡು ಗೋಲಿನ ಮೇಲಿಂದ ಹಾರಿ ರಸ್ತೆ ದಾಟಿತು. ಚೆಂಡು ಎಗೈಲಾದ ಮಾಲಿನೊಳಗೆ ಬಿದ್ದಿದೆ, ಹೋಗಿ ಬಿಲ್ ಮಾಡಿಸಿಕೊಂಡು ಬಾ ಎಂದು ಎಲ್ಲರೂ ಅವನನ್ನು ಗೋಳು ಹೊಯ್ದುಕೊಂಡರು. ಆ ದಿನ ಹೇಗೂ ನಾಲ್ಕು ಗೋಲಿನಿಂದ ಸೋತಾಗಿತ್ತು, ಯಾರಿಗೂ ಬೇಸರವಾಗಲಿಲ್ಲ.

ಕಡೆಗೆ ಒಂದು ಪಂದ್ಯ ಉಳಿಯಿತು. ಎದುರಿನವರೂ ಇವರ ಹಾಗೆಯೇ ಸೋತು ಬಂದವರು, ಅಂಕವೂ ಇವರಷ್ಟೇ, ಗೋಲು ಮಾತ್ರ ಇವರಿಗಿಂತ ಹೆಚ್ಚು ತಿಂದವರು. ಸಮ ಮಾಡಿಕೊಂಡರೂ ಕುಂಜಾಲುಪದವು ಉಳಿಯುತ್ತದೆ.

ಅದೇ ವಾರ ಮುತ್ತಲಿಬ್ ಹರ್ಬರ್ಟನ ಫ್ಲ್ಯಾಟಿಗೆ ಬಂದ. ಶುಐಬಾದಲ್ಲಿ ಪಂಪ್ ಆಪರೇಟರ್. ತಂಡದ ಹಿಂದಿನ ಸಾಲಿನಲ್ಲಿ ಹದಿನೆಂಟು ವರ್ಷ ನಿಂತವನು. ಈಚೆಗೆ ಮೊಣಗಂಟು ಊದಿಕೊಂಡು ಅರ್ಧ ಆಟದಲ್ಲೇ ಹೊರಗೆ ಬಂದು ಕೂರುತ್ತಿದ್ದ. ಚಹಾ ತಣಿಯುವವರೆಗೆ ಬೇರೆ ಏನೇನೋ ಮಾತಾಡಿ, ಆಮೇಲೆ ಲೋಟ ಕೆಳಗಿಟ್ಟ.

“ಖಲಾಸ್, ಹರ್ಬರ್ಟಣ್ಣ. ಇಲ್ಲಿ ಇರಲಿಕ್ಕೆ ಇಕಾಮಾ ಕಂಪೆನಿಯವರು ಇನ್ನು ಹಾಕುವುದಿಲ್ಲವಂತೆ. ಮುಂದಿನ ವಾರ ಹೊರಟೆ.”

ಹರ್ಬರ್ಟ್ ಏನೋ ಹೇಳಹೊರಟಾಗ ಅವನೇ ತಡೆದ.

“ಟೀಮಿನವರಿಗೆ ಹೇಳುವುದು ಬೇಡ. ಗೊತ್ತಾದ್ರೆ ನನ್ನನ್ನು ಪೂರ್ತಿ ಆಡಿಸದೆ ಬಿಡುವುದಿಲ್ಲ ಅವರು. ಈ ಕಾಲಿನಲ್ಲಿ ನಾನು ನಿಂತ್ರೆ ಟೀಮ್ ಹೋಯ್ತು.”

ಆ ಮಾತು ಕೇಳಿ ಹರ್ಬರ್ಟನಿಗೆ ಹಿತವಾಯಿತು. ಹಿತವಾದದ್ದಕ್ಕೆ ಒಳಗೊಳಗೇ ಕಸಿವಿಸಿಯೂ ಆಯಿತು. ಆದರೂ, ನಿನ್ನಿಷ್ಟ ಮಾರಾಯ ಎಂದು ಒಪ್ಪಿಕೊಂಡ.

ಗುಟ್ಟು ನಿಲ್ಲಲಿಲ್ಲ. ಗುರುವಾರ ಸಂಜೆ ಮುತ್ತಲಿಬನ ಹೆಂಡತಿ ಕದೀಜಾ ತನ್ನ ಬಾಲ್ಕನಿಯ ಕರಿಬೇವಿನ ಗಿಡವನ್ನು ಚಟ್ಟಿ ಸಮೇತ ತಂದು ಹರ್ಬರ್ಟನ ಹೆಂಡತಿ ಕಾರ್ಮೆಲಳ ಕೈಗೆ ಕೊಟ್ಟಳು. ಆ ಬಿಸಿಲಿನಲ್ಲಿ, ಹಿಂಡಿಯ ನೀರು ಹೊಯ್ದು, ಬಟ್ಟೆ ಮರೆ ಕಟ್ಟಿ ಬದುಕಿಸಿಕೊಂಡ ಗಿಡ. ರಜೆಗೆ ಹೋಗುವವರು ನೀರು ಹಾಕಲು ಕೀಲಿ ಕೊಟ್ಟು ಹೋಗುತ್ತಾರೆ, ಗಿಡ ಕೊಟ್ಟು ಹೋಗುವುದಿಲ್ಲ. ಗಿಡ ಕಂಡದ್ದೇ ಕಾರ್ಮೆಲಳಿಗೆ ಅರ್ಥವಾಯಿತು. ಮರುದಿನ ಬೆಳಿಗ್ಗೆ ಇಗರ್ಜಿಯ ಅಂಗಳದಲ್ಲಿ ಕಾರ್ಮೆಲಳ ಬಾಯಿಂದ ಸಂಗತಿ ಹೊರಬಿತ್ತು. ಜುಮಾ ಮುಗಿಯುವಷ್ಟರಲ್ಲಿ ತಂಡಕ್ಕೆಲ್ಲ ಗೊತ್ತಾಗಿತ್ತು.

ಮೈದಾನದಲ್ಲಿ ಎಲ್ಲರೂ ಮುತ್ತಲಿಬನನ್ನು ಸುತ್ತಿಕೊಂಡರು. ಶಿಹಾಬ್ ಕ್ಯಾಪ್ಟನ್ ಪಟ್ಟಿ ತೆಗೆದು ಅವನ ತೋಳಿಗೆ ಹಾಕಿದ. ಶಿಹಾಬ್ ಎಗೈಲಾದಲ್ಲಿ ಮೊಬೈಲ್ ಅಂಗಡಿಯಲ್ಲಿದ್ದವನು, ಕಾಲೇಜಿನ ಕೊನೆಯ ಬ್ಯಾಚಿನವರಲ್ಲಿ ಒಬ್ಬ. ಈ ಸೀಸನ್ನಿನಲ್ಲಿ ತಂಡ ಹೊಡೆದ ಗೋಲುಗಳೆಲ್ಲ ಹೆಚ್ಚುಕಡಿಮೆ ಅವನವೇ. ಹರ್ಬರ್ಟ್ ಮೊದಲು ಮುತ್ತಲಿಬನ ಕಾಲಿನ ಮಾತೆತ್ತಿದ. ಸೋತರೆ ಆಗುವುದೇನು ಎಂದೂ ನೆನಪಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುತ್ತಲಿಬ್ ಕಾಕ ಇಳಿಯದಿದ್ದರೆ ತಾನೂ ಇಳಿಯುವುದಿಲ್ಲ ಎಂದು ಶಿಹಾಬ್ ಬೂಟಿನ ಲೇಸು ಬಿಚ್ಚಲು ಕೂತ. ಮುತ್ತಲಿಬ್ ಹರ್ಬರ್ಟನ ಮುಖ ನೋಡಿದ. ಹರ್ಬರ್ಟ್ ಆಗಲಿ ಎಂದು ತಲೆಯಾಡಿಸಿದ.

ಹರ್ಬರ್ಟ್ ಹೆದರಿದ ಹಾಗೆ ಆಗಲಿಲ್ಲ. ಮುತ್ತಲಿಬನಿಗೆ ಓಡಲು ಆಗುತ್ತಿರಲಿಲ್ಲ. ಆದರೆ ಚೆಂಡು ಎಲ್ಲಿ ಬಂದು ಬೀಳುತ್ತದೆಂದು ಅಂದಾಜಿಸಿ, ಅದು ಬರುವ ಮೊದಲೇ ಕುಂಟುತ್ತ ಹೋಗಿ ನಿಂತಿರುತ್ತಿದ್ದ. ನಿಂತಲ್ಲಿಂದಲೇ ಮಕ್ಕಳನ್ನು ಕರೆಯುವ ಹಾಗೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗುತ್ತಿದ್ದ. ವಿರಾಮದ ನಂತರ ಎದುರಿನವರ ಗೋಲು ಆದದ್ದು ಬೇರೆ ಬದಿಯಿಂದ, ಕಾಲು ನೆಟ್ಟಗಿದ್ದವರ ಬದಿಯಿಂದ. ಆಮೇಲೆ ಇವರು ಇದ್ದಬದ್ದ ಉಸಿರನ್ನೆಲ್ಲ ಸುರಿದು ಆಡಿದರು. ಚೆಂಡು ಗೋಲಿನ ಹತ್ತಿರ ಹೋಗುತ್ತಿತ್ತು, ತಿರುಗಿ ಬರುತ್ತಿತ್ತು.

ಹೊತ್ತು ಮುಗಿಯುತ್ತ ಬಂದಾಗ ಎದುರಿನವನೊಬ್ಬನ ಕೈಗೆ ಚೆಂಡು ತಗುಲಿತು. ರೆಫ್ರಿ ಪೆನಾಲ್ಟಿ ಕೊಟ್ಟ.

ಯಾರೂ ಯಾರನ್ನೂ ಕೇಳಲಿಲ್ಲ. ಶಿಹಾಬನೇ ಚೆಂಡು ಹೆಕ್ಕಿಕೊಂಡು ಹೋಗಿ ಮುತ್ತಲಿಬನಿಗೆ ಕೊಟ್ಟ. ಮುತ್ತಲಿಬ್ ಅದನ್ನು ಅಂಗಿಗೆ ಒರೆಸಿ, ಗುರುತಿನ ಮೇಲೆ ಇಟ್ಟು, ಹಿಂದೆ ಬಂದು ನಿಂತ. ಮೊಣಗಂಟಿಗೆ ಕಟ್ಟಿದ ಪಟ್ಟಿ ಸಡಿಲಾಗಿ ಕಣಕಾಲಿಗೆ ಇಳಿದಿತ್ತು. ಅದನ್ನು ನೋಡುತ್ತಿದ್ದಂತೆ ಹರ್ಬರ್ಟನಿಗೆ ತಡೆಯಲಾಗಲಿಲ್ಲ. ಗೆರೆ ದಾಟಿ ಒಳಗೆ ಎರಡು ಹೆಜ್ಜೆ ಇಟ್ಟ.

“ಶಿಹಾಬ್, ನೀನು ಹೊಡಿ.”

“ಅದು ಕಾಕನದ್ದು” ಎಂದ ಶಿಹಾಬ್.

“ನಾನು ಹೇಳಿದ್ದು ನೀನು ಹೊಡೀಲಿಕ್ಕೆ.”

ಶಿಹಾಬ್ ಅಲ್ಲಾಡಲಿಲ್ಲ. ಮುತ್ತಲಿಬ್ ಚೆಂಡನ್ನು ಒಮ್ಮೆ, ಹರ್ಬರ್ಟನನ್ನು ಒಮ್ಮೆ ನೋಡಿ ಬದಿಗೆ ಸರಿದ. ಹೋಗುತ್ತ ಶಿಹಾಬನ ಬೆನ್ನು ತಟ್ಟಿ, “ಚಲೋ, ಹೊಡಿ. ಲೇಟ್ ಮಾಡಬೇಡ” ಎಂದ. ಶಿಹಾಬ್ ತಲೆ ತಗ್ಗಿಸಿಕೊಂಡು ಬಂದು ಒದ್ದ. ಕೀಪರ್ ಒಂದು ಕಡೆಗೆ ಬಿದ್ದಿದ್ದ. ಚೆಂಡು ಅವನ ಚಾಚಿದ ಕಾಲಿಗೆ ತಾಗಿ ಮರಳಿನ ಮೇಲೆ ಉರುಳುತ್ತ ಹೊರಗೆ ಹೋಯಿತು. ಅದರ ಹಿಂದೆ ಯಾರೂ ಓಡಲಿಲ್ಲ. ಸ್ವಲ್ಪ ಹೊತ್ತಿಗೆ ರೆಫ್ರಿ ಕಡೆಯ ಸೀಟಿ ಊದಿದ.

ಹೊರಡುವವರಿಗೆಂದು ತರಿಸಿದ ಬಿರಿಯಾನಿ ಕಾರಿನ ಡಿಕ್ಕಿಯಲ್ಲಿತ್ತು. ಕೆಲವರು ನಿಂತೇ ತಿಂದರು. ಕೆಲವರು ಡ್ಯೂಟಿಯ ನೆವ ಹೇಳಿ ಡಬ್ಬಿಗೆ ಹಾಕಿಕೊಂಡು ಹೊರಟರು. ಶಿಹಾಬ್ ಮುಟ್ಟಲಿಲ್ಲ, ಯಾರದೋ ಕಾರು ಹತ್ತಿ ಹೋದ. ಮುಂದಿನ ಶುಕ್ರವಾರ ಸಿಗೋಣ ಎಂದು ಯಾರೋ ಅಭ್ಯಾಸಬಲದಿಂದ ಅಂದು, ಬಾಯಿ ಮುಚ್ಚಿಕೊಂಡರು.

ಮುತ್ತಲಿಬನನ್ನು ಮನೆಗೆ ಬಿಡಲು ಹರ್ಬರ್ಟನೇ ಹೊರಟ. ರಿಫೈನರಿಯ ಬೆಂಕಿ ದೂರದಲ್ಲಿ ಕಾಣುತ್ತಿತ್ತು. ಸಿಗ್ನಲ್ ಬಳಿ ಕಾರು ನಿಂತಾಗ ಮುತ್ತಲಿಬ್ ಮೆಲ್ಲಗೆ ಕೇಳಿದ.

“ನಾನು ಹೊಡೀಲಿಕ್ಕಿಲ್ಲ ಅಂತ ಕಂಡಿತಾ ನಿಮಗೆ?”

“ಕಾಲು ನೋವಿತ್ತಲ್ಲ ಮಾರಾಯ.”

“ನೋವು ಎಡಗಾಲಿನದ್ದಲ್ಲವಾ. ನಾನು ಹೊಡೆಯುವುದು ಬಲದಲ್ಲಿ.”

ಒದೆಯುವಾಗ ಮೈಭಾರ ನಿಲ್ಲುವುದು ಎಡಗಾಲಿನ ಮೇಲೆಯೇ ಎಂದು ಹರ್ಬರ್ಟ್ ಹೇಳಬಹುದಿತ್ತು. ಅದು ಮುತ್ತಲಿಬನಿಗೂ ಗೊತ್ತು. ಸಿಗ್ನಲ್ ಬಿಟ್ಟಿತು, ಹಿಂದಿನವನು ಹಾರ್ನ್ ಹೊಡೆದ.

ಮನೆಯ ಓಣಿ ಬರುವ ಮೊದಲೇ, ದಿನಸಿಯ ಬಕಾಲದ ಎದುರು, ಇಲ್ಲೇ ಸಾಕು ಎಂದ ಮುತ್ತಲಿಬ್. ಏರ್‌ಪೋರ್ಟಿಗೆ ತಾನು ಬರುತ್ತೇನೆ ಎಂದ ಹರ್ಬರ್ಟ್.

“ಬೇಡ ಹರ್ಬರ್ಟಣ್ಣ. ಕಂಪೆನಿ ಗಾಡಿ ಬರ್ತದೆ.”

ಇಳಿದು, ಬಾಗಿಲನ್ನು ಸದ್ದಾಗದ ಹಾಗೆ ಹಾಕಿದ. ನಿಲ್ಲಿಸಿದ ಕಾರುಗಳ ನಡುವೆ, ಒಂದೊಂದನ್ನೇ ಕೈಯಲ್ಲಿ ಹಿಡಿದುಕೊಳ್ಳುತ್ತ, ಎಡಗಾಲನ್ನು ಎಳೆದುಕೊಂಡು ನಡೆದ. ಹರ್ಬರ್ಟ್ ಗಾಜು ಇಳಿಸಿದ. ಕರೆಯಬೇಕೆಂದುಕೊಂಡ. ಕರೆದು ಏನು ಹೇಳುವುದೆಂದು ತೋಚುವಷ್ಟರಲ್ಲಿ ಮುತ್ತಲಿಬ್ ಓಣಿ ತಿರುಗಿಯಾಗಿತ್ತು.