ಸಾಕ್ಷಿ ನುಡಿದ ಕಾಲೊರಸು

ಬೀಗ ಒಂದು ಕಂಪನಿಯದು, ಕ್ಯಾಮೆರಾ ಇನ್ನೊಂದರದು, ತೂಕ ಹೇಳುವ ಕಾಲೊರಸು ಮತ್ತೊಂದರದು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ, ಹಾಗೆ. ಇವುಗಳ ನಡುವೆ ಕೂತು ರಾಜಿ ಮಾಡಿಸುವ ಪೆಟ್ಟಿಗೆಯೊಂದನ್ನು ಎಲೆಕ್ಟ್ರಿಷಿಯನ್ ಎರಡು ವರ್ಷ ತಲೆ ಕೆಡಿಸಿಕೊಂಡು ಕಟ್ಟಿದ್ದ. ಅದರ ನಿಯಮ ಒಂದೇ: ಎಲ್ಲರ ಸಾಕ್ಷಿಯೂ ಕೂಡಿಬಂದರಷ್ಟೇ ಬಾಗಿಲು. ಯಾರು ಗೋಗರೆದರೂ ಕರಗುವ ಹಾಗಿಲ್ಲ.

ಅಂದು ಎದುರು ಕಟ್ಟಡದ ಕಾರ್ಯದರ್ಶಿ ಮೇಡಂ ಪರೀಕ್ಷೆಗೆ ಬಂದರು. ಒಪ್ಪಿದರೆ ನಲವತ್ತು ಮನೆಯ ಕೆಲಸ. ಇಲ್ಲವಾದರೆ ಮತ್ತೆ ಅದೇ ಫ್ಯಾನ್ ರಿಪೇರಿ. ಅವರನ್ನು ಕರೆತರಲು ಕೆಳಗಿಳಿದಿದ್ದ ಎಲೆಕ್ಟ್ರಿಷಿಯನ್ ಮೆಟ್ಟಿಲು ಹತ್ತಿ, ತನ್ನ ಮನೆ ಬಾಗಿಲಲ್ಲಿ ಬೆಳಿಗ್ಗೆಯಷ್ಟೇ ಹಾಸಿದ ಕಾಲೊರಸಿನ ಮೇಲೆ ಠೀವಿಯಿಂದ ನಿಂತ.

"ಮುಖ ಸರಿ. ತೂಕ ತಪ್ಪು. ಅಪರಿಚಿತ," ಎಂದಿತು ಪೆಟ್ಟಿಗೆ.

ಮೂರು ಸಲವೂ ಅದೇ ರಾಗ. ಕೊನೆಗೆ ಬೀಗ ಒಳಗಿನಿಂದಲೂ ಬಿಗಿದುಕೊಂಡಿತು.

"ಅಕ್ಕಾ!" ಎಂದು ಕೂಗಿದ.

ಒಳಗಿನಿಂದ ಅಕ್ಕನ ದನಿ: "ತೂಕ ಎಷ್ಟು ಅಂತ ಬರ್ದಿದ್ದೀಯೋ?"

"ಅರವತ್ತೆಂಟು."

"ಅದು ನೀನು ಕಾಲೇಜು ಬಿಟ್ಟ ವರ್ಷದ್ದು ಕಣೋ!"

"ಮೆಲ್ಲಗೆ ಅಕ್ಕಾ, ಮೇಡಂ ಇದ್ದಾರೆ."

"ಬಾಗಿಲು ದಪ್ಪ, ನಿನ್ನ ಹಾಗೇನೇ. ಮೆಲ್ಲಗಂದ್ರೆ ಕೇಳಲ್ಲ. ನನ್ನ ಗುಟ್ಟಿನ ಸಂಖ್ಯೆ ಹಾಕಿದೀನಿ, ನಿಜ ಹೇಳು, ತಿದ್ತೀನಿ."

ಅವನು ಬೆವರೊರೆಸಿಕೊಂಡ. ಸೊಂಟದ ಸ್ಕ್ರೂಡ್ರೈವರ್ ಪಟ್ಟಿ ಬಿಚ್ಚಿ ಮೇಡಂ ಕೈಗಿಟ್ಟ. ಚಪ್ಪಲಿ ಬಿಟ್ಟ. ಉಸಿರು ಒಳಗೆಳೆದುಕೊಂಡ.

"ಎಪ್ಪತ್ತೈದು."

"ಬೇಡ ಅಂತಿದೆ."

"ಎಂಬತ್ತು?"

"ತರಕಾರಿ ಚೌಕಾಸಿ ಮಾಡ್ತಿದ್ದೀಯೇನೋ?"

"ತೊಂಬತ್ತೊಂದು!" ಎಂದು ಅರಚಿದ.

ಆ ಮಹಡಿಯ ಬಾಗಿಲುಗಳೆಲ್ಲ ತೆರೆದುಕೊಂಡವು, ಅವನದೊಂದನ್ನು ಬಿಟ್ಟು. ಮೇಡಂ ಪಟ್ಟಿಯನ್ನು ಹಿಂದಕ್ಕೆ ಕೊಟ್ಟು, ಚಪ್ಪಲಿಯತ್ತ ಬೆರಳು ತೋರಿಸಿ, "ತಗೊಳ್ಳಿ, ನಿಮ್ಮ ಉಳಿದ ಎರಡು ಕೆಜಿ ನನ್ನ ಹತ್ರಾನೇ ಇದೆ," ಎಂದರು. ಎಲ್ಲ ಹಾಕಿಕೊಂಡು ಮತ್ತೆ ಕಾಲೊರಸಿನ ಮೇಲೆ ನಿಂತ. ಬಾಗಿಲು ತೆರೆಯಿತು.

ಕೆಲಸ ಕೈತಪ್ಪಿತೆಂದು ಅವನು ತಲೆ ತಗ್ಗಿಸಿದ.

"ಯಾಕ್ರೀ ಮುಖ ಸಣ್ಣ ಮಾಡ್ಕೊಂಡ್ರಿ?" ಎಂದರು ಮೇಡಂ. "ಕಟ್ಟಿದವನನ್ನೇ ನಂಬದ ಪೆಟ್ಟಿಗೆ ಕಳ್ಳನನ್ನ ಬಿಡುತ್ತಾ? ನಲವತ್ತೂ ಮನೆಗೆ ಹಾಕಿ."

ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಕಾಲೊರಸು ಮಾತ್ರ ಬೇಡ," ಎಂದವರೇ ಸೀರೆಯ ನೆರಿಗೆ ಎತ್ತಿ ಹಿಡಿದು, ಅದನ್ನು ಒಂದೇ ದಾಪುಗಾಲಿಗೆ ದಾಟಿ ಒಳಗೆ ಬಂದರು.