ಮೈಕು ಮುಚ್ಚುವ ಹೊತ್ತು

ಪರವಾಡ ಊರಿನ ಜನರ ದನಿ ಆವತ್ತು ಗಿರಿಜೆಯ ಬೆರಳ ತುದಿಯಲ್ಲಿತ್ತು. ವಿಜಯವಾಡದ ಮಾಲಿನ್ಯ ನಿಯಂತ್ರಣ ಕಚೇರಿಯಲ್ಲಿ ಅವಳದು ಗುತ್ತಿಗೆ ಕೆಲಸ. ಔಷಧಿ ಕಾರ್ಖಾನೆಯೊಂದನ್ನು ಇನ್ನೂ ದೊಡ್ಡದು ಮಾಡುವ ಮೊದಲು ಊರವರ ಅಹವಾಲು ಕೇಳುವ ಸಭೆ. ಊರವರು ಅಲ್ಲಿ ತಮ್ಮ ಶಾಲೆಯಲ್ಲಿ, ಸಾಹೇಬರು ಇಲ್ಲಿ ವಿಡಿಯೊ ಪರದೆಯ ಮುಂದೆ. ಒಬ್ಬೊಬ್ಬರಿಗೆ ಎರಡೇ ನಿಮಿಷ. ಆಮೇಲೆ ಗಿರಿಜಾ ಗುಂಡಿ ಒತ್ತಿ ಮೈಕು ಮುಚ್ಚಬೇಕು.

ಬೆಳಗಿನಿಂದ ಮುಚ್ಚಿ ಮುಚ್ಚಿ ಅವಳಿಗೆ ಸಾಕಾಗಿತ್ತು. ಯಾರೂ ವಿಷಯಕ್ಕೇ ಬಂದಿರಲಿಲ್ಲ. ನಮಸ್ಕಾರ, ಮನೆತನ, ಸಾಹೇಬರ ಕ್ಷೇಮ, ಅಷ್ಟರಲ್ಲಿ ಬಾಯಿ ಆಡುತ್ತಿದ್ದರೂ ದನಿ ಇಲ್ಲ. ವರದಿಯಲ್ಲಿ ಅವರ ಹೆಸರಿನ ಮುಂದೆ 'ಆಕ್ಷೇಪವಿಲ್ಲ' ಎಂದು ಬೀಳುತ್ತಿತ್ತು.

ಈಗ ವಯಸ್ಸಾದ ಭ್ರಮರಾಂಬ ಎದ್ದಳು. ಸೆರಗು ಸರಿಮಾಡಿಕೊಂಡು, ಯಾವ ಅವಸರವೂ ಇಲ್ಲದೆ ತೆಲುಗಿನಲ್ಲಿ ಶುರು ಮಾಡಿದಳು.

"ಊಟ ಆಯ್ತಾ, ಬಾಬು? ಮುಖ ಬಾಡಿದೆಯಲ್ಲ. ನಾನು ಅಪ್ಪಲನಾಯ್ಡು ಸೊಸೆ. ನಮ್ಮತ್ತೆ ಮದುವೆಯಾಗಿ ಬಂದಾಗ ಊರಿಗೆಲ್ಲ ಒಂದೇ ಬಾವಿ…"

ಗಿರಿಜೆಯ ಹೊಸಪೇಟೆ ಅಜ್ಜಿಯೂ ಹೀಗೆಯೇ. ರಾಜಕುಮಾರಿಯ ಕಥೆ ಹೇಳು ಅಂದರೆ ರಾಜಕುಮಾರಿಯ ಮುತ್ತಜ್ಜಿಯಿಂದ ಹಿಡಿದು ಬರಬೇಕು. ನಡುವೆ ಅವಸರ ಮಾಡಿದರೆ ಮತ್ತೆ ಮೊದಲಿಂದ. ಬಾವಿ ಬಂತೆಂದರೆ ಕಥೆ ಬಂತು ಅಂತ ಗಿರಿಜೆಗೆ ಗೊತ್ತು.

ಪರದೆಯ ಮೂಲೆಯ ಗಡಿಯಾರ ಕೆಂಪಾಯಿತು.

"ಟೈಮಾಯ್ತಲ್ಲಮ್ಮಾ ಗಿರಿಜಾ," ಹಿಂದೆ ನಿಂತಿದ್ದ ಮೇಲ್ವಿಚಾರಕ ರಾಮಮೋಹನ್ ಪಿಸುಗುಟ್ಟಿದರು.

"ಸಿಸ್ಟಮ್ ಹ್ಯಾಂಗ್ ಆಗಿದೆ ಸರ್."

ಊರವರು ಫೋನ್ ಮಾಡಿದಾಗೆಲ್ಲ ಕಚೇರಿ ಕೊಡುವ ಉತ್ತರವದು. ಅವಳಿಗೆ ಕಲಿಸಿದವರೂ ರಾಮಮೋಹನರೇ.

"ನಿನ್ನ ಗುತ್ತಿಗೆ ಮುಂದಿನ ತಿಂಗಳು ಮುಗಿಯುತ್ತೆ. ನೆನಪಿದೆಯಾ?"

"ಇದೆ ಸರ್."

"…ಆ ಬಾವಿ ನೀರು ಈಗ ಮಾತ್ರೆ ವಾಸನೆ, ಬಾಬು," ಭ್ರಮರಾಂಬ ಹೇಳುತ್ತಿದ್ದಳು. "ಎಮ್ಮೆ ಮೂಸಿ ನೋಡಿ ಮುಖ ತಿರುಗಿಸುತ್ತೆ. ಮೊಮ್ಮಗಳು ಅದನ್ನೇ ಕುಡೀತಾಳೆ. ಬೇರೆ ನೀರೆಲ್ಲಿದೆ? ಇದಕ್ಕಿಂತ ದೊಡ್ಡ ಕಾರ್ಖಾನೆ ನಮಗೆ ಬೇಡಪ್ಪಾ."

ಸಾಹೇಬರು ಮೊಬೈಲಿನಿಂದ ತಲೆಯೆತ್ತಿದರು. "ಬರ್ಕೊಳ್ಳಿ," ಎಂದರು.

'ಆಕ್ಷೇಪವಿದೆ' ಎಂದು ಗಿರಿಜಾ ಬರೆದಳು. ಬೆಳಗಿನಿಂದ ಅದೇ ಮೊದಲನೆಯದು.

ರಾಮಮೋಹನ್ ಬೈಯಲಿಲ್ಲ. ಮೌಸನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. "ಏಳಮ್ಮಾ. ಇನ್ನು ನಾನು ನೋಡ್ಕೋತೀನಿ."

ಅಲ್ಲಿ ಶಾಲೆಯಲ್ಲಿ ಯಾರೋ ಭ್ರಮರಾಂಬೆಗೆ, "ನಿಮ್ಮ ಪುಣ್ಯ, ಮೈಕು ಉಳೀತು. ಉಳಿದವರ ಮಾತೆಲ್ಲ ಕುಶಲ ಕೇಳೋದ್ರಲ್ಲೇ ಹೋಯ್ತು," ಅಂದದ್ದು ಕೇಳಿಸಿತು. ಅವಳ ಪಕ್ಕದಲ್ಲಿದ್ದ ಬಾಬ್ಜಿ ಎಂಬವನಿಗೂ ಕೇಳಿಸಿರಬೇಕು. ಮುಂದಿನ ಸರದಿ ಅವನದು. ಎದ್ದವನು ಕೈಮುಗಿಯಲು ಹೋಗಿ ತಡೆದುಕೊಂಡ. ಯಾರ ಮಗನೆಂದೂ ಹೇಳಲಿಲ್ಲ.

"ನೀರು ಕೆಟ್ಟಿದೆ. ಕಾರ್ಖಾನೆ ಬೇಡ."

ಅಷ್ಟೇ. ನೆಂಟರ ಮನೆಯಲ್ಲಿ ಬೈಸಿಕೊಂಡವನ ಹಾಗೆ ಕೂತುಬಿಟ್ಟ. ಅವನ ನಂತರ ಎದ್ದವಳೂ ಅದನ್ನೇ ಹೇಳಿದಳು, ಅಷ್ಟೇ ಚಿಕ್ಕದಾಗಿ, ನೆಲ ನೋಡುತ್ತಾ. ರಾಮಮೋಹನರ ಬೆರಳಿಗೆ ಕೆಲಸವೇ ಬೀಳಲಿಲ್ಲ.

ಗಿರಿಜಾ ಗೋಡೆಗೊರಗಿ ನಿಂತಳು. ಗೆದ್ದ ಹಾಗೆ ಅನ್ನಿಸಬೇಕಿತ್ತು. ಆದರೆ ಅವಳು, ಇನ್ನೊಬ್ಬರಾದರೂ 'ಊಟ ಆಯ್ತಾ, ಬಾಬು?' ಅಂದಾರೇನೋ ಎಂದು ಪರದೆಯತ್ತ ಕಿವಿಗೊಟ್ಟು ಕಾಯುತ್ತಿದ್ದಳು.